ಮೂರು ತೂತಿನ ಬಾಟಲಿ

ಸವದತ್ತಿ ಸೀಮೆಯ ಮಕ್ಕಳ ಬಳಗ ಸಿಕ್ಕರೆ ನಾನು ಮೊದಲು ಮಾಡಿಸಬಯಸುವ ಪ್ರಯೋಗ ಇದೇ. ಖಾಲಿ ನೀರಿನ ಬಾಟಲಿಗೆ ಕಾಯಿಸಿದ ದಬ್ಬಳದಿಂದ ಮೇಲೆ, ನಡುವೆ, ತಳದ ಹತ್ತಿರ ಒಂದೊಂದು ತೂತು. ದಬ್ಬಳ ಮಾತ್ರ ದೊಡ್ಡವರ ಕೈಯಲ್ಲಿರಲಿ. ನೀರು ತುಂಬಿ, ಮುಚ್ಚಳ ತೆಗೆದು, ಎತ್ತರದ ಕಟ್ಟೆಯ ಅಂಚಿಗಿಟ್ಟರೆ ಮೇಲಿನ ಧಾರೆ ಹತ್ತಿರವೇ ಬೀಳುತ್ತದೆ. ತಳದ್ದು ಎಲ್ಲಕ್ಕಿಂತ ದೂರ ಚಿಮ್ಮುತ್ತದೆ. ನೀರಿಳಿದಂತೆ ಅದೂ ಸೋಲುತ್ತದೆ. ನೀರಿನ ಆಳಕ್ಕೂ ಧಾರೆಯ ವೇಗಕ್ಕೂ ಇರುವ ಈ ನಂಟನ್ನು ಇಟಲಿಯ ವಿಜ್ಞಾನಿ ಟಾರಿಸೆಲ್ಲಿ 1644ರಲ್ಲೇ ಪ್ರಕಟಿಸಿದ್ದ. ಆದರೆ ಇದರ ನಿಜವಾದ ಸೊಗಸು ನನಗೆ ಕಾಣುವುದು ನವಿಲುತೀರ್ಥದಲ್ಲಿ. ಎರಡು ಗುಡ್ಡಗಳ ನಡುವೆ ಮಲಪ್ರಭೆಯನ್ನು ತಡೆದು ನಿಂತ ಆ ಅಣೆಕಟ್ಟು ಬುಡದಲ್ಲೇಕೆ ಅಷ್ಟು ದಪ್ಪ? ಅಂಗಿ ಒದ್ದೆ ಮಾಡಿಕೊಂಡ ಮಗು ತಳದ ಧಾರೆಯತ್ತ ಬೆರಳು ತೋರಿಸುತ್ತದೆ.