ಉದ್ಯಮಿಯ ಆಲೋಚನೆಗೆ ಅಳತೆಗೋಲು

ಉದ್ಯಮಿಯು ಸಮಸ್ಯೆಯನ್ನು ಬಿಡಿಸುವ ಬಗೆಯನ್ನು ಅಂಕಗಳಲ್ಲಿ ಅಳೆಯಬಹುದೆ? ಅಳೆಯಬಹುದೆಂಬ ನಂಬಿಕೆಯಿಂದ ರಚಿತವಾದ ಮಾಪಕಗಳಲ್ಲಿ ಮೈಕೆಲ್ ಕರ್ಟನ್ನರು 1976ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯು ಪ್ರಸಿದ್ಧವಾದುದು. ಅದರಲ್ಲಿ ಗಣನೆಗೆ ಬರುವ ಅಂಶಗಳು 32. ಒಂದೊಂದಕ್ಕೆ 1ರಿಂದ 5ರವರೆಗೆ ಅಂಕ. ಮೊತ್ತ 32ರಿಂದ 160. ಕಡಿಮೆ ಅಂಕದವನು ಇರುವ ಚೌಕಟ್ಟಿನೊಳಗೇ ತಿದ್ದುಪಡಿ ಮಾಡುವವನು. ಹೆಚ್ಚು ಅಂಕದವನು ಚೌಕಟ್ಟನ್ನೇ ಬದಲಿಸುವವನು. ಇದು ಶೈಲಿಯ ಅಳತೆಯೇ ಹೊರತು ಸಾಮರ್ಥ್ಯದ ಅಳತೆಯಲ್ಲವೆಂದು ಕರ್ಟನ್ನರೇ ಸ್ಪಷ್ಟಪಡಿಸಿದ್ದಾರೆ. ಈ ವಿವೇಕವು ಮೆಚ್ಚತಕ್ಕದ್ದು.

ಆದರೆ ಈ ವಿಭಾಗವು ವ್ಯವಹಾರದಲ್ಲಿ ಎಷ್ಟು ದೂರ ನಿಂತೀತು? ನಮ್ಮ ಉಡುಪಿಯ ನಿದರ್ಶನವನ್ನೇ ನೋಡಬಹುದು. 1925ರಲ್ಲಿ ಅಲ್ಲಿ ಸ್ಥಾಪಿತವಾಗಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನೂ ಏಜೆಂಟನು ಮನೆಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದನು. ಠೇವಣಿ, ಬಡ್ಡಿ, ಲೆಕ್ಕಪುಸ್ತಕಗಳೆಲ್ಲ ಹಳೆಯವೇ. ಗಿರಾಕಿಯೇ ಬ್ಯಾಂಕಿಗೆ ಬರಬೇಕೆಂಬ ಪದ್ಧತಿ ಮಾತ್ರ ತಲೆಕೆಳಗಾಯಿತು. ಇದು ತಿದ್ದುಪಡಿಯೋ, ಹೊಸ ಚೌಕಟ್ಟೋ? ಎರಡೂ ಹೌದು. ಮಾಪಕವು ವ್ಯಕ್ತಿಯನ್ನು ಅಳೆಯುತ್ತದೆ, ಕೃತಿಯನ್ನಲ್ಲ ಎಂದು ಸಮಾಧಾನ ಹೇಳಬಹುದು. ಸಾಲ ಕೊಡುವವನಿಗೆ ಬೇಕಾದುದು ಕೃತಿಯ ಸುಳಿವು.

ಸರಸ್ ಸರಸ್ವತಿಯವರ ಮಾರ್ಗ ಬೇರೆ. 27 ಮಂದಿ ಅನುಭವಿ ಉದ್ಯಮಿಗಳ ಮುಂದೆ ಕಲ್ಪಿತ ಉದ್ಯಮವೊಂದರ ಸಮಸ್ಯೆಗಳನ್ನಿಟ್ಟು, ಯೋಚಿಸಿದ್ದನ್ನು ಯೋಚಿಸಿದಂತೆಯೇ ಗಟ್ಟಿಯಾಗಿ ಹೇಳಿಸಿದರು. 2001ರಲ್ಲಿ ಅವರು ಮಂಡಿಸಿದ ಸಿದ್ಧಾಂತದಂತೆ, ಇಂಥವರು ಕೈಯಲ್ಲಿರುವ ಸಾಧನಗಳಿಂದ ಹೊರಡುತ್ತಾರೆ. ಬರಬಹುದಾದ ಲಾಭಕ್ಕಿಂತ ತಾಳಬಹುದಾದ ನಷ್ಟವನ್ನು ಎಣಿಸುತ್ತಾರೆ. ಒಂದು ಕೊರತೆಯುಂಟು: ಅವರೆಲ್ಲ ಗೆದ್ದವರು. ಹೀಗೆಯೇ ಯೋಚಿಸಿ ಸೋತವರ ಮಾತು ಅಲ್ಲಿ ಕೇಳಿಬರುವುದಿಲ್ಲ.

ಈ ಎರಡು ಮಾರ್ಗಗಳನ್ನೂ ನಮ್ಮ ಲಂಕೆಯ ಬೀದಿಯಲ್ಲಿಟ್ಟು ನೋಡೋಣ. 2025ರ ಜೂನ್ ತಿಂಗಳಲ್ಲಿ ರಸ್ತೆಯ ವಿಸ್ತರಣೆಗಾಗಿ ಇಲ್ಲಿಯ ಹಳೆಯ ಕಚೋರಿ, ಲಸ್ಸಿ ಅಂಗಡಿಗಳು ನೆಲಸಮವಾದುದನ್ನು ವಾಚಕರು ಬಲ್ಲರು. ಅಂಥ ಅಂಗಡಿಕಾರನಿಗೆ ಜಾಗ ಹೋಯಿತು, ಕೈರುಚಿ ಉಳಿಯಿತು. ಗಿರಾಕಿಯು ಹಿಂಬಾಲಿಸಿ ಬರುವನೋ ಇಲ್ಲವೋ ತಿಳಿಯದು. ಅವನ ಮುಂದೆ ಪ್ರಶ್ನಾವಳಿಯನ್ನಿಟ್ಟರೆ ತನ್ನನ್ನು ತಾನು ಹೇಗೆ ಬಣ್ಣಿಸಿಕೊಳ್ಳುವನೆಂಬುದು ತಿಳಿದೀತು. ನಾಳೆ ಏನು ಮಾಡುವನೆಂಬುದು ತಿಳಿಯದು. ಯಾರ ಪರಿಚಯವಿದೆ, ಎಷ್ಟು ನಷ್ಟ ತಾಳಬಲ್ಲೆ ಎಂದು ಕೇಳಿ, ಅವನು ಗಟ್ಟಿಯಾಗಿ ಯೋಚಿಸುವಾಗ ಕಿವಿಗೊಡುವುದೇ ಲೇಸು.

ಸಾಲದ ಅರ್ಜಿಗಳನ್ನು ಪರಿಶೀಲಿಸುವ ನನ್ನಂಥವರಿಗೆ ಅಂಕವು ಸುಲಭದ ಆಸರೆ. ಆ ಸೌಲಭ್ಯವೇ ಅಪಾಯಕರ. ಮಾಪಕಗಳು ತರಬೇತಿಗೆ ಸಲ್ಲಲಿ. ಓದುಬರಹ ಕಡಿಮೆಯಾದ ವ್ಯಾಪಾರಿಯನ್ನು ಬಾಗಿಲಲ್ಲೇ ತಡೆಯುವ ಜರಡಿಯಾಗಿ ಅವನ್ನು ಬಳಸುವುದು, ಅವುಗಳ ಕರ್ತೃವೇ ಹಾಕಿದ ಎಲ್ಲೆಯನ್ನು ಮೀರಿದಂತೆ.