ತಿಳಿಯ ಜೊತೆ ತುಣುಕೂ ಇರಲಿ

ಜ್ವರ ಬಿಟ್ಟು ಎದ್ದವರಿಗೆ, ಬಾಣಂತಿಯರಿಗೆ ನಾಟಿ ಕೋಳಿ ಸಾರು ಮಾಡಿಕೊಡುವುದು ಮಂಡ್ಯ, ಮೈಸೂರು, ಹಾಸನದ ಕಡೆ ಹಳೆಯ ರೂಢಿ. ಈಗ ಮೂಳೆ ಸಾರು ‘ಬೋನ್ ಬ್ರಾತ್’ ಎಂಬ ಹೆಸರಿನಲ್ಲಿ ಪುಡಿಯಾಗಿ ಮಾರಾಟಕ್ಕೂ ಬಂದಿದೆ. ಈ ಅಡುಗೆ ಹೊಗಳಿಕೆಗೆ ಯೋಗ್ಯವೇ. ಆದರೆ ಅದು ಕೊಡದ ಗುಣಕ್ಕೆ ಅದನ್ನು ಹೊಗಳುತ್ತೇವೆ, ಕೊಡಬಲ್ಲದ್ದನ್ನು ಕಾಯಿಲೆಯವರ ತಟ್ಟೆಗೆ ಹಾಕುವುದಿಲ್ಲ.

ಇದರ ಹಿರಿಮೆ ಇರುವುದು ಮಾಡುವ ಕ್ರಮದಲ್ಲಿ. ಬೆನ್ನು, ಕತ್ತು, ರೆಕ್ಕೆ, ಬಿಸಿನೀರಲ್ಲಿ ಅದ್ದಿ ಹಳದಿ ಪೊರೆ ಸುಲಿದ ಕಾಲು ಇವನ್ನೆಲ್ಲ ತಣ್ಣೀರಿಗೆ ಹಾಕಿ, ಮೇಲೆ ಬಂದ ನೊರೆ ತೆಗೆದು, ಸಣ್ಣ ಉರಿಯಲ್ಲಿ ಮೂರು ನಾಲ್ಕು ಗಂಟೆ ಕುದಿಸಬೇಕು. ಚರ್ಮ, ಕೀಲುಗಳ ಕೊಲಾಜೆನ್ ಆಗ ಜೆಲಟಿನ್ ಆಗಿ ನೀರಿಗಿಳಿಯುತ್ತದೆ. ಕೊನೆಗೆ ಜಜ್ಜಿದ ಬೆಳ್ಳುಳ್ಳಿ, ಮೆಣಸು, ಜೀರಿಗೆ. ಫ್ರಿಜ್ಜಿನಲ್ಲಿಟ್ಟ ಸಾರು ಮರುದಿನ ಹೆಪ್ಪುಗಟ್ಟಿ, ಚಮಚ ತಾಗಿದರೆ ಅಲುಗಾಡಬೇಕು. ಮೇಲೆ ಹಳದಿ ಕೊಬ್ಬಿನ ಪದರ ಇರಬೇಕು. ಕುಕ್ಕರಿನಲ್ಲಿ ಮಾಡಿದರೆ ಕೆಟ್ಟಿತೆನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಒತ್ತಡದ ಹೆಚ್ಚಿನ ಶಾಖಕ್ಕೆ ಕೊಲಾಜೆನ್ ಇನ್ನೂ ಬೇಗ ಕರಗುತ್ತದೆ.

ಇನ್ನು ಪೌಷ್ಟಿಕತೆಯ ಮಾತು. ಮೂಳೆ ಕುದಿಸಿದರೆ ಸುಣ್ಣದಂಶ ಧಾರಾಳವಾಗಿ ಸಿಗುತ್ತದೆ ಎಂಬುದು ಬರೀ ನಂಬಿಕೆ. ನೀರಿಗೆ ಇಳಿಯುವುದು ಅಲ್ಪ. ಜೆಲಟಿನ್ನೂ ಪೂರ್ಣ ಪ್ರೋಟೀನ್ ಅಲ್ಲ, ಟ್ರಿಪ್ಟೊಫಾನ್ ಎಂಬ ಅಗತ್ಯ ಅಮೈನೊ ಆಮ್ಲ ಅದರಲ್ಲಿಲ್ಲ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಮೂಳೆಯ ಜೆಲಟಿನ್ ಸೂಪನ್ನು ಬಡವರಿಗೂ ಆಸ್ಪತ್ರೆಯ ರೋಗಿಗಳಿಗೂ ಕೊಡುತ್ತಿದ್ದರು. ಅದೊಂದರಿಂದಲೇ ದೇಹ ಪೋಷಣೆ ಸಾಧ್ಯವಿಲ್ಲವೆಂದು ಶರೀರಕ್ರಿಯಾ ವಿಜ್ಞಾನಿ ಮಜಾಂಡಿ ನೇತೃತ್ವದ ಸಮಿತಿ 1841ರಲ್ಲಿ ವರದಿ ಕೊಟ್ಟಿತು. ಅಮೆರಿಕದ ನೆಬ್ರಾಸ್ಕದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೋಳಿ ಸೂಪು ಬಿಳಿರಕ್ತಕಣಗಳ ಚಲನೆಯನ್ನು ತಗ್ಗಿಸಿದ್ದು ನಿಜ. ಅದು ಪ್ರಯೋಗಾಲಯದ ಮಾತು, ನೆಗಡಿ ವಾಸಿಯಾದ ಪುರಾವೆಯಲ್ಲ.

ಇಷ್ಟಾದರೂ ಸಾರಿನ ಬೆಲೆ ಕಮ್ಮಿಯಾಗುವುದಿಲ್ಲ. ಬಾಯಿ ಕೆಟ್ಟವರಿಗೆ ಬಿಸಿನೀರು, ಉಪ್ಪು, ರುಚಿ ಒಟ್ಟಿಗೆ ಒಳಗೆ ಹೋಗುವುದೇ ದೊಡ್ಡದು. ತೊಡಕಿರುವುದು ಬಡಿಸುವಲ್ಲಿ. ಎಷ್ಟೋ ಮನೆಗಳಲ್ಲಿ ಕಾಯಿಲೆಯವರಿಗೆ ಬಸಿದ ತಿಳಿ, ಗಟ್ಟಿಮುಟ್ಟಾದವರಿಗೆ ತುಣುಕು. ಬೆಂದ ಎದೆಮಾಂಸ 100 ಗ್ರಾಂ ತಿಂದರೆ ಸುಮಾರು 30 ಗ್ರಾಂ ಪ್ರೋಟೀನ್ ಸಿಗುತ್ತದೆ. ಸವೆದ ಮೈಗೆ ಬೇಕಾದದ್ದು ಅದೇ. ವೈದ್ಯರು ಬೇಡವೆನ್ನದಿದ್ದರೆ ಮಾಂಸ ಬೆಂದ ಕೂಡಲೇ ಎತ್ತಿಟ್ಟು, ಮೂಳೆಯನ್ನಷ್ಟೇ ಮುಂದೆ ಕುದಿಯಲು ಬಿಡಿ. ಆ ಮಾಂಸವನ್ನು ಎಳೆಎಳೆಯಾಗಿ ಬಿಡಿಸಿ ಸಾರಿಗೆ ಸೇರಿಸಿ, ಮೆತ್ತಗಿನ ಮುದ್ದೆಯ ಜೊತೆ ಮೊದಲು ಅವರಿಗೇ ಬಡಿಸಿ.