ಹದಿನಾರು ಸಾವಿರದ ಲ್ಯಾಪ್‌ಟಾಪಿನಲ್ಲಿ ಶಾಸನ ಓದಬಹುದೇ?

ಮೈಸೂರಿನಲ್ಲಿ ಶಾಸನ ಓದೋದು ಕಲಿಯಬೇಕು ಅಂತ ಬರುವವರು ಲಿಪಿಯ ಬಗ್ಗೆ ಕೇಳುವ ಮೊದಲೇ ಒಂದು ಪ್ರಶ್ನೆ ಕೇಳ್ತಾರೆ: "ಸರ್, ಕಡಿಮೆ ದುಡ್ಡಿನ ಲ್ಯಾಪ್‌ಟಾಪ್ ಸಾಕಾಗುತ್ತಾ?" ಬರುವವರಲ್ಲಿ ಹೆಚ್ಚಿನವರು ಎಂ.ಎ. ವಿದ್ಯಾರ್ಥಿಗಳು, ಅತಿಥಿ ಉಪನ್ಯಾಸಕರು, ಹಳ್ಳಿ ಶಾಲೆಯ ಮೇಷ್ಟ್ರುಗಳು. ಅರವತ್ತು ಸಾವಿರದ್ದು ತಗೊಳ್ಳಿ ಅಂದರೆ ಅವರು ಲ್ಯಾಪ್‌ಟಾಪನ್ನಲ್ಲ, ಶಾಸನವನ್ನೇ ಬಿಟ್ಟುಬಿಡ್ತಾರೆ. ಹಾಗಾಗಿ ಅಗ್ಗದ ಯಂತ್ರಗಳಲ್ಲಿ ಒಂದನ್ನು ಎತ್ತಿಕೊಂಡು, ಕಂಪನಿ ಪ್ರಕಟಿಸಿರುವ ವಿವರಗಳನ್ನೇ ಶಾಸನ ಓದುವವನ ಅಗತ್ಯಕ್ಕೆ ಹೊಂದಿಸಿ ನೋಡೋಣ ಅನ್ನಿಸಿತು.

ನಾನು ಆರಿಸಿಕೊಂಡದ್ದು 2023ರ ಜುಲೈ ಕೊನೆಯಲ್ಲಿ ಬಿಡುಗಡೆಯಾದ ಜಿಯೋಬುಕ್. ಆಗಿನ ಬೆಲೆ 16,499 ರೂಪಾಯಿ. ತೂಕ 990 ಗ್ರಾಂ, 11.6 ಇಂಚಿನ ಪರದೆ, 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಒಳಗೇ 4ಜಿ ಸಂಪರ್ಕ. ಬ್ಯಾಟರಿ ಎಂಟು ಗಂಟೆ ಬರುತ್ತೆ ಅನ್ನೋದು ಕಂಪನಿಯ ಮಾತು.

ಮೊದಲು ಒಳ್ಳೆಯದನ್ನು ಹೇಳಿಬಿಡ್ತೀನಿ. ಕ್ಷೇತ್ರಕಾರ್ಯಕ್ಕೆ ಹೋಗುವವನ ಚೀಲದಲ್ಲಿ ಆಗಲೇ ಬ್ರಷ್ಷು, ನೀರಿನ ಬಾಟಲಿ, ಕಾಗದ, ಮಸಿ, ಅಳತೆಪಟ್ಟಿ, ಟಾರ್ಚು ತುಂಬಿರುತ್ತವೆ. ಅದರ ಮೇಲೆ ಒಂದು ಕೆ.ಜಿ.ಯೊಳಗಿನ ಯಂತ್ರ ಇಟ್ಟರೆ ಹೆಗಲಿಗೆ ಗೊತ್ತೂ ಆಗೋಲ್ಲ. ಸಿಮ್ ಒಳಗೇ ಇರೋದರಿಂದ ಸಿಗ್ನಲ್ ಇರುವ ಊರಲ್ಲಿ ಕಲ್ಲಿನ ಮುಂದೆ ನಿಂತೇ 'ಎಪಿಗ್ರಾಫಿಯಾ ಕರ್ನಾಟಿಕಾ' ತೆರೆದು ಈ ಶಾಸನ ಆಗಲೇ ಅಚ್ಚಾಗಿದೆಯಾ ಅಂತ ನೋಡಬಹುದು. ರೈಸ್ ಕಾಲದ ಸಂಪುಟಗಳಲ್ಲಿ ಸುಮಾರು 9,000 ಶಾಸನಗಳಿವೆ. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಹೊರತರುತ್ತ ಬಂದ ಪರಿಷ್ಕೃತ ಸಂಪುಟಗಳು ಬೇರೆ. "ಹೊಸ ಶಾಸನ ಪತ್ತೆ" ಅಂತ ಪತ್ರಿಕೆಗೆ ಫೋಟೋ ಕಳಿಸುವ ಮೊದಲು ಇಷ್ಟು ನೋಡಿಕೊಂಡರೆ ಎಷ್ಟೋ ಮುಜುಗರ ತಪ್ಪುತ್ತೆ! ಪಾಠ ಟೈಪ್ ಮಾಡೋದು, ಶಾಸನದ ತಿಥಿ-ವಾರ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಕ್ಕೆ ಹೊಂದುತ್ತದೆಯೇ ಅಂತ ನೋಡೋದು, ಊರುಗಳ ಪಟ್ಟಿ ಇಡೋದು, ಯಾವುದಕ್ಕೂ ದೊಡ್ಡ ಯಂತ್ರ ಬೇಕಿಲ್ಲ.

ತೊಂದರೆ ಶುರುವಾಗೋದು ಫೋಟೋ ತೆರೆದಾಗ. ಅದಕ್ಕೆ ಜನ ಬೈಯೋದು ಪ್ರೊಸೆಸರನ್ನು. ನನ್ನ ಪ್ರಕಾರ ಅಸಲಿ ಕೊರತೆ ಪರದೆಯದು.

ಸ್ವಲ್ಪ ಲೆಕ್ಕ ಹಾಕೋಣ. ಪರದೆಯ ಅಳತೆ 1366 x 768 ಚುಕ್ಕಿ. ಶಾಸನದ ಕಲ್ಲು ನಿಂತಿರುತ್ತೆ, ಲ್ಯಾಪ್‌ಟಾಪ್ ಪರದೆ ಮಲಗಿರುತ್ತೆ. 12 ಮೆಗಾಪಿಕ್ಸೆಲ್ ಮೊಬೈಲಿನಲ್ಲಿ ನಿಲುವಾಗಿ ತೆಗೆದ ಚಿತ್ರ 3000 x 4000. ಅದನ್ನು ಇಡಿಯಾಗಿ ಈ ಪರದೆಯಲ್ಲಿ ಕೂಡಿಸಿದರೆ ಚಿತ್ರಕ್ಕೆ ಸಿಗುವ ಜಾಗ 576 x 768. ಅಂದರೆ ನೀವು ತೆಗೆದ ಚಿತ್ರದ ಇಪ್ಪತ್ತೇಳರಲ್ಲಿ ಒಂದು ಪಾಲು. ಹಲ್ಮಿಡಿ ಶಾಸನದ ಹಾಗೆ ಹದಿನಾರು ಸಾಲಿನ ಕಲ್ಲಾದರೆ ಚಿಂತೆಯಿಲ್ಲ, ಸಾಲಿಗೆ 48 ಚುಕ್ಕಿ ಸಿಗುತ್ತೆ. ಆದರೆ ಅರವತ್ತು ಸಾಲಿನ ಹೊಯ್ಸಳ ದಾನಶಾಸನ? ಸಾಲಿಗೆ ಹನ್ನೆರಡು ಹದಿಮೂರು ಚುಕ್ಕಿ. ಚಿತ್ರವನ್ನು ಪರದೆಯ ಅಗಲಕ್ಕೆ ಹಿಗ್ಗಿಸಿದರೆ 30 ಆಗುತ್ತೆ. ಕಡೆದಿಟ್ಟ ಹಾಗಿರುವ ಅಕ್ಷರ ಅಷ್ಟರಲ್ಲಿ ಓದಬಹುದು. ಆದರೆ ನಾವು ಯಾರೂ ಬರೀ ಚಿತ್ರ ನೋಡ್ತಾ ಕೂರೋದಿಲ್ಲವಲ್ಲ. ಒಂದು ಕಡೆ ಚಿತ್ರ, ಇನ್ನೊಂದು ಕಡೆ ಟೈಪ್ ಮಾಡುವ ಪಾಠ ಬೇಕು. ಪರದೆ ಎರಡು ಪಾಲಾದ ಕೂಡಲೇ ಸಾಲಿಗೆ ಮತ್ತೆ 15. ಅಷ್ಟರಲ್ಲಿ ಸವೆದ 'ಪ', 'ವ', 'ಮ'ಗಳನ್ನು ಬಿಡಿಸಿ ಹೇಳುವವನು ಓದುತ್ತಿಲ್ಲ, ಊಹಿಸುತ್ತಿದ್ದಾನೆ.

ಊಹೆ ಅಪಾಯ ಯಾಕೆ ಅಂದರೆ ಅದು ಅಚ್ಚಾಗಿಬಿಡುತ್ತೆ. ಸವೆದ ಕಲ್ಲಿನ ಶಕವರ್ಷದಲ್ಲಿ ಹತ್ತರ ಸ್ಥಾನದ ೬ನ್ನು ೯ ಅಂತ ಓದಿದರೆ ಮೂವತ್ತು ವರ್ಷ ಆಚೆಗೆ ಹೋಯಿತು. ಸಂವತ್ಸರದ ಹೆಸರು ಉಳಿದಿದ್ದರೆ ತಪ್ಪು ಸಿಕ್ಕಿಬೀಳುತ್ತೆ. ಅದೇ ಭಾಗ ಒಡೆದುಹೋಗಿದ್ದರೆ ಆ ವರ್ಷ ಒಂದು ಲೇಖನದಿಂದ ಇನ್ನೊಂದಕ್ಕೆ ಹಾಗೇ ಸಾಗುತ್ತೆ. ಮೂಲ ಕಲ್ಲಿನ ಹತ್ತಿರ ಮತ್ತೆ ಹೋಗುವವರು ಎಷ್ಟು ಜನ?

ಅಗ್ಗದ ಪರದೆಗಳಲ್ಲಿ ಇನ್ನೊಂದು ಕಾಟ ಇದೆ. ಇದು ಜಿಯೋಬುಕ್ಕಿಗಷ್ಟೇ ಹೇಳುವ ಮಾತಲ್ಲ. ಟಿಎನ್ ಜಾತಿಯ ಪರದೆ ಇದ್ದರೆ ತಲೆ ಸ್ವಲ್ಪ ಎತ್ತಿದರೂ ತಗ್ಗಿಸಿದರೂ ಕಪ್ಪು-ಬಿಳುಪಿನ ಹದ ಬದಲಾಗುತ್ತೆ. ಕಲ್ಲಿನ ಮುಂದೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಸರಿಸಿದಾಗ ನೆರಳು ಅಲ್ಲಾಡುತ್ತಲ್ಲ, ಅದು ಗೀರಿನ ನಿಜವಾದ ಆಳ ತೋರಿಸುತ್ತೆ. ಈ ಪರದೆಯಲ್ಲಿ ಅಲ್ಲಾಡೋದು ಪರದೆಯ ಗುಣ. ಇಲ್ಲದ ಒತ್ತು ಇದ್ದ ಹಾಗೆ ಕಾಣುತ್ತೆ. ಆದ್ದರಿಂದ ಕೊಳ್ಳುವಾಗ ಐಪಿಎಸ್ ಪರದೆಯೇ ಅಂತ ಕೇಳಿ. ಅಂಗಡಿಯವರು ರ‍್ಯಾಮ್ ಎಷ್ಟು ಅಂತ ತಾವಾಗೇ ಹೇಳ್ತಾರೆ, ಇದನ್ನು ನಾವೇ ಕೇಳಬೇಕು.

ಸಂಗ್ರಹದ ಮಾತಿಗೆ ಬಂದರೆ, 64 ಜಿಬಿಯಲ್ಲಿ ಯಂತ್ರದ ತಂತ್ರಾಂಶವೇ ಒಂದಷ್ಟು ನುಂಗುತ್ತೆ. ಮೆಮೊರಿ ಕಾರ್ಡ್ 256 ಜಿಬಿವರೆಗೆ ಹಾಕಬಹುದು, ಅಷ್ಟು ಸಮಾಧಾನ. ಮೂರು ಆಯಾಮದ ಮಾದರಿ ಕಟ್ಟುವ ಆಸೆ ಇದ್ದರೆ ಮಾತ್ರ ಈ ದರ್ಜೆಯ ಯಂತ್ರದ ಮುಂದೆ ಕೂರಲೇಬೇಡಿ. ಇನ್ನೂರು ಫೋಟೋ ತೆಗೆದುಕೊಂಡು ಬಂದು, ಮಾದರಿ ಕಟ್ಟೋದನ್ನು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಡೆ ಮಾಡಿಸಿ.

ಅದು ನಡೆಯೋದು ಆಂಡ್ರಾಯ್ಡ್ ಆಧಾರಿತ ಜಿಯೋ ಓಎಸ್ ಮೇಲೆ ಅನ್ನೋದೂ ನಮ್ಮವರಿಗೆ ಸಣ್ಣ ವಿಷಯವಲ್ಲ. ವಿಂಡೋಸಿನ ನುಡಿ, ಬರಹ ಅಲ್ಲಿ ನಡೆಯೋಲ್ಲ. ಹಳೇ ನುಡಿ ಅಕ್ಷರವಿನ್ಯಾಸದಲ್ಲಿರುವ ನಿಮ್ಮ ಗುರುಗಳ ಪ್ರಬಂಧ ತೆರೆದರೆ ಕಾಣೋದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಮೊದಲು ಯೂನಿಕೋಡಿಗೆ ಬದಲಿಸಿಕೊಂಡಿರಬೇಕು. ಹಾಗಂತ ಎಲ್ಲ ಅಕ್ಷರದ ತೊಂದರೆಯನ್ನೂ ಅಗ್ಗದ ಯಂತ್ರದ ತಲೆಗೆ ಕಟ್ಟೋದು ಅನ್ಯಾಯ. 'ಱ', 'ೞ' ಯೂನಿಕೋಡಿನಲ್ಲಿ ಎಂದೋ ಇವೆ. ಶಾಸನಗಳ ನಕಾರ ಪೊಲ್ಲು ಸೇರಿದ್ದು 2021ರ 14ನೇ ಆವೃತ್ತಿಯಲ್ಲಿ. ಫಾಂಟಿನಲ್ಲಿ ಅದಿಲ್ಲದಿದ್ದರೆ ಎರಡು ಲಕ್ಷದ ಯಂತ್ರವೂ ಖಾಲಿ ಚೌಕವನ್ನೇ ತೋರಿಸುತ್ತೆ.

ಹಾಗಾದರೆ ಕೊಳ್ಳಬಹುದೇ? ಕ್ಷೇತ್ರದ ಟಿಪ್ಪಣಿಗೆ, ಸಂಪುಟ ಹುಡುಕೋಕೆ, ಪಾಠ ಟೈಪಿಸೋಕೆ ಇಂಥದ್ದು ಧಾರಾಳವಾಗಿ ಸಾಕು. ಇನ್ನು ಆರೇಳು ಸಾವಿರ ಹೊಂದಿಸಲು ಆಗುವುದಾದರೆ ನಾನು ರ‍್ಯಾಮ್‌ಗಿಂತ ಮೊದಲು ಪರದೆಗೆ ಹಾಕ್ತೀನಿ: 1920 x 1080, ಐಪಿಎಸ್. ಆಗಲೂ ಪರದೆ ಇಬ್ಭಾಗ ಮಾಡಿದರೆ ಆ ಅರವತ್ತು ಸಾಲಿನ ಶಾಸನಕ್ಕೆ ಸಾಲಿಗೆ 21 ಚುಕ್ಕಿಯಷ್ಟೇ. ಅದಕ್ಕೇ ಎಚ್‌ಡಿಎಂಐ ಕಿಂಡಿ ಇದೆಯಾ ನೋಡಿಕೊಳ್ಳಿ. ಮನೆಯಲ್ಲೋ ಇಲಾಖೆಯಲ್ಲೋ ದೊಡ್ಡ ಮಾನಿಟರಿಗೆ ಸಿಕ್ಕಿಸಿದರೆ ಅರ್ಧ ಸಂಕಟ ಕಳೆಯುತ್ತೆ. ಅದೂ ಇಲ್ಲದವರು ಅನುಮಾನದ ಸಾಲುಗಳನ್ನಷ್ಟೇ ಕತ್ತರಿಸಿ ಎ3 ಹಾಳೆಯಲ್ಲಿ ಪ್ರಿಂಟ್ ತೆಗೆಸಿ, ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಮಸಿ ಹಾಕಿ ಪಡಿಯಚ್ಚು ತೆಗೆಯೋದು ಬಲ್ಲವರ ಜೊತೆ ಒಂದು ಸಲ ಕಲ್ಲಿಗೇ ಹೋಗಿಬರುವ ಅವಕಾಶ ಸಿಕ್ಕಿದರಂತೂ ಬಸ್ ಚಾರ್ಜಿಗೆ ಯೋಚಿಸಬೇಡಿ. ಪಾಠ ಒಪ್ಪಿಸುವಾಗ ಫೋಟೋದಿಂದ ಓದಿದ್ದೋ, ಅಚ್ಚಿನಿಂದ ಓದಿದ್ದೋ, ಕಲ್ಲಿನಿಂದ ಓದಿದ್ದೋ ಅಂತ ಕೆಳಗೆ ಒಂದು ಸಾಲು ಬರೆದುಬಿಡಿ. ಸಂದೇಹದ ಅಕ್ಷರಕ್ಕೆ ಆವರಣ ಹಾಕೋಕೆ ಯಾವ ಲ್ಯಾಪ್‌ಟಾಪೂ ಅಡ್ಡ ಬರೋಲ್ಲ.